ಚಿಟ್ಟೆಗಳ ಬಾಳನ್ನು ಬರೆದಿಟ್ಟ ಬೆಲ್ ಮಹಾಶಯರು

ಕೃಷ್ಣೆ ಮತ್ತು ತುಂಗಭದ್ರೆಯರ ನಡುವಣ ರಾಯಚೂರು ಸೀಮೆಯಲ್ಲಿ ಎಕ್ಕದ ಗಿಡವನ್ನು ಕಾಣದವರಿಲ್ಲ. ದೇವದುರ್ಗದ ಹೊಲಗಳ ಬದುವಿನ ಮೇಲೆ, ಮಾನ್ವಿಯ ಕಾಲುವೆಗಳ ದಂಡೆಯಲ್ಲಿ, ರಾಯಚೂರು ನಗರದ ಹೊರಬಯಲಿನಲ್ಲಿ ಅದು ಯಾರ ಆರೈಕೆಯೂ ಇಲ್ಲದೆ ಬೆಳೆದು ನಿಲ್ಲುತ್ತದೆ. ಅದರ ಸುತ್ತ ಅವಸರವಿಲ್ಲದೆ ಹಾರಾಡುವ, ಕೇಸರಿ ಬಣ್ಣದ ರೆಕ್ಕೆಗೆ ಕರಿಯ ಅಂಚುಳ್ಳ ಪಾತರಗಿತ್ತಿಯನ್ನೂ ಶಾಲೆಯ ಮಕ್ಕಳು ನಿತ್ಯ ಕಾಣುತ್ತಾರೆ. ಈ ಪಾತರಗಿತ್ತಿಯ ಹುಳು ಎಕ್ಕದ ಎಲೆಯನ್ನು ತಿಂದು ಬೆಳೆಯುತ್ತದೆ. ಎಲೆಯಲ್ಲಿರುವ ವಿಷಾಂಶ ಅದರ ದೇಹದಲ್ಲಿ ಉಳಿಯುತ್ತದೆ. ಆದುದರಿಂದಲೇ ಹಕ್ಕಿಗಳು ಅದನ್ನು ಮುಟ್ಟಲು ಹಿಂಜರಿಯುತ್ತವೆ. ಗಿಡಕ್ಕೂ ಚಿಟ್ಟೆಗೂ ಇರುವ ಇಂತಹ ಸಂಬಂಧವನ್ನು ಹುಡುಕಿ, ಕಣ್ಣಾರೆ ಕಂಡು, ಬರೆದಿಟ್ಟು ಹೋದವರಲ್ಲಿ ಅಗ್ರಗಣ್ಯರು ಥಾಮಸ್ ರೀಡ್ ಡೇವಿಸ್ ಬೆಲ್ ಅವರು. ಐರ್ಲೆಂಡಿನಲ್ಲಿ ಜನಿಸಿದ ಈ ಮಹಾಶಯರು ಬಾಳಿದ್ದು ಕನ್ನಡ ನಾಡಿನಲ್ಲಿ. ಕಣ್ಣು ಮುಚ್ಚಿದ್ದು ಕಾರವಾರದಲ್ಲಿ.

ಬೆಲ್ ಅವರು ಹುಟ್ಟಿದ್ದು 1863ರಲ್ಲಿ. 1884ರಲ್ಲಿ ಅರಣ್ಯ ಇಲಾಖೆಯ ಸೇವೆಗೆ ಸೇರಿ ಧಾರವಾಡಕ್ಕೆ ಬಂದರು. ಅಂದು ಧಾರವಾಡವೂ ಉತ್ತರ ಕನ್ನಡವೂ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ರಾಯಚೂರು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಮುಂದೆ ಉತ್ತರ ಕನ್ನಡದ ದಟ್ಟವಾದ ಕಾಡುಗಳೇ ಬೆಲ್ ಅವರ ಕಾರ್ಯಕ್ಷೇತ್ರವಾದವು. ಯಾವ ಮರ ಯಾವುದೆಂದು ಗುರುತಿಸುವುದು ಅರಣ್ಯಾಧಿಕಾರಿಯ ಮೊದಲ ಕರ್ತವ್ಯ. ಹೊಟ್ಟೆಪಾಡಿಗಾಗಿ ಕಲಿತ ಆ ಸಸ್ಯಪರಿಚಯವೇ ಅವರ ಮುಂದಿನ ಸಾಧನೆಗೆ ತಳಹದಿಯಾಯಿತು.

ಈ ಅಧ್ಯಯನದಲ್ಲಿ ಅವರಿಗೆ ಇಬ್ಬರು ಹಿರಿಯ ಸ್ನೇಹಿತರು ದೊರೆತರು. ಒಬ್ಬರು ಉಪ್ಪು ಮತ್ತು ಸುಂಕದ ಇಲಾಖೆಯ ಎಡ್ವರ್ಡ್ ಹ್ಯಾಮಿಲ್ಟನ್ ಐಟ್ಕೆನ್. ಸಾತಾರೆಯಲ್ಲಿ ಜನಿಸಿದ ಇವರು 1883ರಲ್ಲಿ ಮುಂಬಯಿಯ ನಿಸರ್ಗ ಇತಿಹಾಸ ಸಂಘವನ್ನು ಸ್ಥಾಪಿಸಿದವರಲ್ಲಿ ಒಬ್ಬರು. ಇನ್ನೊಬ್ಬರು ಜಿಲ್ಲಾಧಿಕಾರಿಗಳಾಗಿದ್ದ, ಪಕ್ಷಿಗಳ ವಿಷಯದಲ್ಲಿಯೂ ಪರಿಣತರಾದ ಜೇಮ್ಸ್ ಡೇವಿಡ್ಸನ್. ಮೂವರಲ್ಲಿ ಯಾರಿಗೂ ಕೀಟಶಾಸ್ತ್ರ ವೃತ್ತಿಯಾಗಿರಲಿಲ್ಲ. ಕಚೇರಿಯ ಕೆಲಸ, ಸರ್ಕಾರಿ ತಿರುಗಾಟಗಳ ನಡುವೆ ಸಿಕ್ಕ ಬಿಡುವಿನಲ್ಲಿ ನಡೆದ ವ್ಯಾಸಂಗವದು. ಅದರ ಫಲವಾಗಿ ಉತ್ತರ ಕನ್ನಡ ಜಿಲ್ಲೆಯ ಚಿಟ್ಟೆಗಳನ್ನು ಕುರಿತ ಮೂವರ ಲೇಖನಮಾಲೆ 1896ರಿಂದ ಮೇಲ್ಕಂಡ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು.

ಆ ಕಾಲದಲ್ಲಿ ಚಿಟ್ಟೆಗಳ ವರ್ಗೀಕರಣವೆಂದರೆ ಬಹುಮಟ್ಟಿಗೆ ಸತ್ತ ಚಿಟ್ಟೆಗಳ ರೆಕ್ಕೆಗಳ ಪರೀಕ್ಷೆಯಾಗಿತ್ತು. ಸೂಜಿ ಚುಚ್ಚಿ ಪೆಟ್ಟಿಗೆಯಲ್ಲಿಟ್ಟ ಮಾದರಿಗಳು ಹಡಗೇರಿ ದೂರದೇಶಕ್ಕೆ ಹೋಗುತ್ತಿದ್ದವು. ಅಲ್ಲಿನ ಪಂಡಿತರು ಬಣ್ಣ, ಚುಕ್ಕೆ, ರೆಕ್ಕೆಯ ನರಗಳನ್ನು ನೋಡಿ ಹೆಸರಿಡುತ್ತಿದ್ದರು. ಈ ಕ್ರಮದಿಂದ ಶಾಸ್ತ್ರ ಬೆಳೆಯಿತೆಂಬುದು ನಿಜ. ಆದರೆ ಅದರಲ್ಲೊಂದು ಅಪಾಯವೂ ಅಡಗಿತ್ತು. ಭತ್ತದ ಗದ್ದೆಗಳ ಆಸುಪಾಸಿನಲ್ಲಿ ಮುಸ್ಸಂಜೆಗೆ ಹಾರುವ ಕಂದು ಚಿಟ್ಟೆಯೊಂದುಂಟು. ಮಳೆಗಾಲದಲ್ಲಿ ಹುಟ್ಟಿದಾಗ ಅದರ ರೆಕ್ಕೆಯ ಕೆಳಮೈಮೇಲೆ ಕಣ್ಣಿನಂತಹ ಚುಕ್ಕೆಗಳು ಸ್ಪಷ್ಟವಾಗಿರುತ್ತವೆ. ಬೇಸಗೆಯಲ್ಲಿ ಹುಟ್ಟಿದಾಗ ಅದು ಒಣಗಿದ ಎಲೆಯನ್ನೇ ಹೋಲುತ್ತದೆ. ಕರಿಬೇವಿನ ಎಲೆಯನ್ನು ತಿಂದು ಬೆಳೆಯುವ ಕರಿಯ ಚಿಟ್ಟೆಯ ಹೆಣ್ಣಿಗಂತೂ ಮೂರು ರೂಪಗಳು. ಒಂದು ಗಂಡಿನಂತೆಯೇ ಇರುತ್ತದೆ. ಉಳಿದೆರಡು ಈಶ್ವರಿ ಬಳ್ಳಿಯ ವಿಷವುಂಡು ಬೆಳೆದ ಬೇರೆ ಚಿಟ್ಟೆಗಳ ವೇಷ ಧರಿಸಿ ಹಕ್ಕಿಗಳನ್ನು ವಂಚಿಸುತ್ತವೆ. ರೆಕ್ಕೆಯೊಂದನ್ನೇ ನಂಬಿದವರು ಇಂತಹ ಕಡೆ ಒಂದೇ ಜೀವಿಗೆ ಎರಡು ಮೂರು ಹೆಸರು ಕೊಟ್ಟು ತೊಡಕಿಗೆ ಸಿಲುಕಿದ್ದುಂಟು.

ಈ ತೊಡಕನ್ನು ಬಿಡಿಸಲು ಇದ್ದ ನೇರವಾದ ದಾರಿ ಒಂದೇ: ಮೊಟ್ಟೆಯಿಂದ ಹುಳುವನ್ನೂ, ಹುಳುವಿನಿಂದ ಕೋಶವನ್ನೂ, ಕೋಶದಿಂದ ಚಿಟ್ಟೆಯನ್ನೂ ಸಾಕಿ ನೋಡುವುದು. ಬೆಲ್ ಅವರು ಹಿಡಿದದ್ದು ಆ ದಾರಿಯನ್ನೇ. ಹೇಳಲು ಸುಲಭ, ಮಾಡಲು ಅಪಾರ ತಾಳ್ಮೆ ಬೇಕು. ಹುಳು ಸಿಕ್ಕರೆ ಸಾಲದು, ಅದು ತಿನ್ನುವ ಎಲೆ ಯಾವುದೆಂದು ತಿಳಿಯಬೇಕು. ತಪ್ಪಾದ ಎಲೆಯಿತ್ತರೆ ಹುಳು ಉಪವಾಸದಿಂದ ಸಾಯುತ್ತದೆಯೇ ಹೊರತು ತಿನ್ನುವುದಿಲ್ಲ. ಕೆಲವು ಹುಳುಗಳು ಎಲೆಯನ್ನು ಸುರುಳಿ ಸುತ್ತಿಕೊಂಡು ಒಳಗೆ ಅವಿತಿರುತ್ತವೆ. ಸಣ್ಣ ನೀಲಿ ಚಿಟ್ಟೆಗಳ ಹುಳುಗಳು ಸಿಹಿಯಾದ ರಸವನ್ನು ಸ್ರವಿಸುವುದರಿಂದ ಇರುವೆಗಳು ಅವನ್ನು ಸುತ್ತುವರಿದು ಕಾಯುತ್ತವೆ. ಇರುವೆಯ ಸಾಲು ನೋಡಿಯೇ ಹುಳುವನ್ನು ಪತ್ತೆ ಹಚ್ಚಬೇಕು. ಅರಣ್ಯಾಧಿಕಾರಿಯ ಸಸ್ಯಜ್ಞಾನ ಇಲ್ಲಿ ನೆರವಿಗೆ ಬಂತು.

ಡೇವಿಡ್ಸನ್ ಅವರು ನಿವೃತ್ತರಾಗಿ ಸ್ವದೇಶಕ್ಕೆ ಹಿಂತಿರುಗಿದರು. ಐಟ್ಕೆನ್ ಅವರು 1909ರಲ್ಲಿ ಸ್ಕಾಟ್ಲೆಂಡಿನಲ್ಲಿ ಕಾಲವಶರಾದರು. ಅದೇ ವರ್ಷ ಬೆಲ್ ಅವರು ಭಾರತದ ಬಯಲು ಪ್ರದೇಶದ ಸಾಮಾನ್ಯ ಚಿಟ್ಟೆಗಳನ್ನು ಕುರಿತು ಸಂಘದ ಪತ್ರಿಕೆಯಲ್ಲಿ ಬರೆಯತೊಡಗಿದರು. ಮೂವರು ಕೂಡಿ ಹೊತ್ತಿದ್ದ ಭಾರವನ್ನು ಒಬ್ಬರೇ ಹೊತ್ತು ನಡೆಸಿದ ಈ ಲೇಖನಮಾಲೆ 1927ರವರೆಗೆ, ಹದಿನೆಂಟು ವರ್ಷಗಳ ಕಾಲ, ಮುಂದುವರಿಯಿತು. ಪ್ರತಿಯೊಂದು ಚಿಟ್ಟೆಯ ಮೊಟ್ಟೆ, ಹುಳು, ಕೋಶ, ನಡೆನುಡಿ, ಆಹಾರಸಸ್ಯಗಳ ವಿವರಗಳನ್ನು ಅದರಲ್ಲಿ ಬಿಡಿಸಿ ಹೇಳಿದ್ದಾರೆ. ಮಲೆನಾಡಿನ ಅಪರೂಪದ ಚಿಟ್ಟೆಗಳಿಗೆ ಕೊಟ್ಟ ಗಮನವನ್ನೇ ಬಯಲುಸೀಮೆಯ ಸಾಮಾನ್ಯ ಚಿಟ್ಟೆಗಳಿಗೂ ಕೊಟ್ಟದ್ದು ಅವರ ದೊಡ್ಡ ಗುಣ.

ಈ ವಿದ್ಯೆಯಿಂದ ರೈತನಿಗೆ ಪ್ರಯೋಜನವೇನೆಂದು ಕೇಳುವವರು ದಾಳಿಂಬೆಯ ತೋಟವನ್ನು ನೋಡಬೇಕು. ದಾಳಿಂಬೆಯ ಚಿಟ್ಟೆ ಹೂವಿನ ಮೇಲೆ ಅಥವಾ ಎಳೆಗಾಯಿಯ ಮೇಲೆ ಮೊಟ್ಟೆಯಿಡುತ್ತದೆ; ಹುಳು ಕಾಯನ್ನು ಕೊರೆದು ಒಳಸೇರಿ ಬೀಜಗಳನ್ನು ತಿನ್ನುತ್ತದೆ. ಕೊರೆದ ಕಾಯಿ ಬಿದ್ದುಹೋಗದಂತೆ ಅದರ ತೊಟ್ಟನ್ನು ಕೊಂಬೆಗೆ ತನ್ನದೇ ನೂಲಿನಿಂದ ಬಿಗಿಯುವ ಜಾಣ್ಮೆಯೂ ಅದಕ್ಕುಂಟು. ಮೊಟ್ಟೆಯಿಡುವ ಹೊತ್ತು ತಿಳಿದವನೇ ಫಲವನ್ನು ಕಾಯಬಲ್ಲ; ಹುಳು ಒಳಹೊಕ್ಕ ಮೇಲೆ ಸಿಂಪಡಿಸಿದ ಔಷಧಿ ಹೆಚ್ಚಿನ ಫಲ ಕೊಡದು.

ಸೇವೆಯಿಂದ ನಿವೃತ್ತರಾದ ಮೇಲೆ ಬೆಲ್ ಅವರು ಸ್ವದೇಶಕ್ಕೆ ಮರಳಲಿಲ್ಲ. ಕಾರವಾರವನ್ನೇ ಮನೆಯನ್ನಾಗಿ ಮಾಡಿಕೊಂಡು ಅಧ್ಯಯನವನ್ನು ಮುಂದುವರಿಸಿದರು. ಸ್ಕಾಟ್ ಎಂಬುವರೊಡನೆ ಕೂಡಿ, ಅತಿವೇಗವಾಗಿ ಹಾರುವ ಒಂದು ಪತಂಗ ಕುಟುಂಬವನ್ನು ಕುರಿತು ಅವರು ರಚಿಸಿದ ಸಂಪುಟ 1937ರಲ್ಲಿ ಪ್ರಾಣಿಸಂಕುಲ ಗ್ರಂಥಮಾಲೆಯಲ್ಲಿ ಹೊರಬಂದಿತು. ಆಗ ಅವರ ವಯಸ್ಸು ಎಪ್ಪತ್ತನ್ನು ಮೀರಿತ್ತು. ಭಾರತ ಸ್ವತಂತ್ರವಾದುದನ್ನೂ ಕಂಡು, 1948ರಲ್ಲಿ ಕಾರವಾರದಲ್ಲಿಯೇ ಅವರು ಇಹಲೋಕವನ್ನು ತ್ಯಜಿಸಿದರು.

ಹೆಸರುಗಳು ಬದಲಾಗಿವೆ, ವರ್ಗೀಕರಣದ ಕ್ರಮವೂ ಬದಲಾಗಿದೆ. ಬೆಲ್ ಅವರ ಕಾಲದ ಅನೇಕ ಶಾಸ್ತ್ರನಾಮಗಳು ಇಂದು ಬಳಕೆಯಲ್ಲಿಲ್ಲ. ಆದರೆ ಇಂತಹ ಹುಳು ಇಂತಹ ಎಲೆಯನ್ನು ತಿನ್ನುತ್ತದೆ ಎಂದು ಅವರು ಕಂಡು ಬರೆದ ಮಾತು ಹಳತಾಗಿಲ್ಲ. ಪಶ್ಚಿಮ ಘಟ್ಟಗಳ ಚಿಟ್ಟೆಗಳ ಆಹಾರಸಸ್ಯಗಳನ್ನು ಪಟ್ಟಿ ಮಾಡುವ ಇಂದಿನ ಸಂಶೋಧಕರೂ ಅವರ ದಾಖಲೆಗಳನ್ನು ಆಶ್ರಯಿಸುತ್ತಾರೆ. ಎಲೆಯಿಲ್ಲದೆ ಹುಳುವಿಲ್ಲ, ಹುಳುವಿಲ್ಲದೆ ಚಿಟ್ಟೆಯಿಲ್ಲ. ಕಳೆಯೆಂದು ಬದುವಿನ ಗಿಡಗಳನ್ನೆಲ್ಲ ಸವರಿದ ಊರಿನಲ್ಲಿ ಪಾತರಗಿತ್ತಿಯನ್ನು ಮಕ್ಕಳು ಚಿತ್ರದಲ್ಲಿ ಮಾತ್ರ ಕಾಣಬೇಕಾದೀತು.

ಈ ವಿದ್ಯೆಗೆ ಬೇಕಾದ ಪ್ರಯೋಗಶಾಲೆ ದೂರದಲ್ಲಿಲ್ಲ. ಶಾಲೆಯ ಅಂಗಳದ ಬಿಲ್ವಪತ್ರೆಯ ಗಿಡದಲ್ಲಿ ಎಳೆಯ ಚಿಗುರಿನ ಮೇಲೆ ಹಕ್ಕಿಯ ಹಿಕ್ಕೆಯಂತಹ ಸಣ್ಣ ಗುರುತೊಂದು ಕಂಡರೆ, ಅದನ್ನು ಒರೆಸಿ ಎಸೆಯದೆ ಒಂದು ಗಳಿಗೆ ನಿಂತು ನೋಡಬೇಕು. ಅದು ನಿಂಬೆಯ ಚಿಟ್ಟೆಯ ಮರಿಹುಳುವಿರಬಹುದು. ಕೆಲವು ದಿನ ಕಳೆದ ಮೇಲೆ ಅದು ಎಲೆಯ ಹಸಿರನ್ನೇ ತಾಳುತ್ತದೆ. ಬಳಿಕ ಕೋಶ ಕಟ್ಟುತ್ತದೆ. ಒಂದು ಬೆಳಗ್ಗೆ ರೆಕ್ಕೆ ಬಿಚ್ಚಿ ಹಾರುತ್ತದೆ. ಅಷ್ಟನ್ನು ತಾಳ್ಮೆಯಿಂದ ನೋಡಿ, ದಿನಾಂಕ ಸಹಿತ ಬರೆದಿಟ್ಟ ವಿದ್ಯಾರ್ಥಿ ಬೆಲ್ ಮಹಾಶಯರ ದಾರಿಯಲ್ಲಿ ಮೊದಲ ಹೆಜ್ಜೆ ಇಟ್ಟಂತೆಯೇ ಸರಿ.