ಲಿವಿಂಗ್‌ಸ್ಟನ್ನನ ಮರಳುಗಾಡಿನ ಮನೆ

ಡೇವಿಡ್ ಲಿವಿಂಗ್‌ಸ್ಟನ್ನನ ಹೆಸರನ್ನು ಕೇಳದ ವಿದ್ಯಾರ್ಥಿಗಳು ವಿರಳ. ಆಫ್ರಿಕಾ ಖಂಡವನ್ನು ಒಂದು ಕಡಲಿನಿಂದ ಇನ್ನೊಂದು ಕಡಲಿನವರೆಗೆ ದಾಟಿದವನು, ವಿಕ್ಟೋರಿಯಾ ಜಲಪಾತದ ಸುದ್ದಿಯನ್ನು ಹೊರಜಗತ್ತಿಗೆ ತಂದವನು, ಗುಲಾಮರ ವ್ಯಾಪಾರದ ಕ್ರೌರ್ಯವನ್ನು ಬಯಲಿಗೆಳೆದವನು ಎಂದು ಪಾಠದ ಪುಸ್ತಕಗಳಲ್ಲಿ ಓದಿರುತ್ತೇವೆ. ಆ ಪಾಠಗಳಲ್ಲಿ ಅವನು ಯಾವಾಗಲೂ ನಡೆಯುತ್ತಲೇ ಇರುತ್ತಾನೆ. ಅವನಿಗೂ ಒಂದು ಮನೆಯಿತ್ತು, ಅದರಲ್ಲಿ ಹೆಂಡತಿಯೂ ಮಕ್ಕಳೂ ಇದ್ದರು, ಆ ಮನೆ ಕಲಹಾರಿ ಮರುಭೂಮಿಯ ಅಂಚಿನಲ್ಲಿತ್ತು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ, ಅವನು 1857ರಲ್ಲಿ ಪ್ರಕಟಿಸಿದ ಪ್ರವಾಸಗ್ರಂಥವನ್ನು ಓದಿದಾಗ. ಸಿಂಹದ ಕಥೆಗಿಂತಲೂ ಜಲಪಾತದ ವರ್ಣನೆಗಿಂತಲೂ ಹೆಚ್ಚಾಗಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಮನೆಯ ವಿಚಾರವೇ. ಪಂಚನಹಳ್ಳಿಯ ಬಯಲಿನಲ್ಲಿ ಮೋಡ ನೋಡುತ್ತ ಬೆಳೆದವನಿಗೆ ಇದು ಸಹಜವಾಗಿಯೇ ಇರಬಹುದು.

ಅವನ ಬಾಲ್ಯದ ಕಥೆ ಎಲ್ಲರಿಗೂ ಗೊತ್ತಿರುವುದೇ. ಸಂಕ್ಷೇಪವಾಗಿ ಹೇಳಿ ಮುಂದುವರಿಯುತ್ತೇನೆ. 1813ರ ಮಾರ್ಚ್ 19ರಂದು ಸ್ಕಾಟ್ಲೆಂಡಿನ ಬ್ಲಾಂಟೈರ್ ಎಂಬ ಊರಿನಲ್ಲಿ ಬಡವರ ಮನೆಯಲ್ಲಿ ಹುಟ್ಟಿದನು. ಹತ್ತನೆಯ ವಯಸ್ಸಿಗೆ ಹತ್ತಿಯ ಗಿರಣಿಗೆ ಸೇರಿ ಬೆಳಗಿನ ಆರರಿಂದ ರಾತ್ರಿ ಎಂಟರವರೆಗೆ ದುಡಿದನು. ನೂಲುವ ಯಂತ್ರದ ಮೇಲೆ ಪುಸ್ತಕವನ್ನು ತೆರೆದಿಟ್ಟುಕೊಂಡು, ಓಡಾಡುವಾಗ ಒಂದೊಂದು ವಾಕ್ಯವನ್ನು ಓದಿ ವಿದ್ಯೆ ಕಲಿತನು. ಗ್ಲಾಸ್ಗೋದಲ್ಲಿ ವೈದ್ಯಶಾಸ್ತ್ರವನ್ನು ಓದಿ 1840ರಲ್ಲಿ ವೈದ್ಯನಾದನು. ಲಂಡನ್ ಮಿಷನರಿ ಸೊಸೈಟಿಯನ್ನು ಸೇರಿ ಚೀನಾಕ್ಕೆ ಹೋಗಬೇಕೆಂದಿದ್ದವನಿಗೆ ಅಫೀಮಿನ ಯುದ್ಧ ಅಡ್ಡ ಬಂದಿತು. ಈ ಸಂಸ್ಥೆ ನಮ್ಮವರಿಗೆ ಅಪರಿಚಿತವಲ್ಲ. 1810ರಲ್ಲಿ ಬಳ್ಳಾರಿಗೆ ಬಂದು ನೆಲೆಸಿ, ಬೈಬಲ್ಲನ್ನು ಕನ್ನಡಕ್ಕೆ ತಂದ ಜಾನ್ ಹ್ಯಾಂಡ್ಸ್ ಇದೇ ಸಂಸ್ಥೆಯವನು. ಲಿವಿಂಗ್‌ಸ್ಟನ್ನನನ್ನು ಸಂಸ್ಥೆಯವರು ದಕ್ಷಿಣ ಆಫ್ರಿಕಾಕ್ಕೆ ಕಳುಹಿಸಿದರು. 1841ರ ಜುಲೈ ಕೊನೆಗೆ ಅವನು ಕುರುಮಾನ್ ಎಂಬ ಕೇಂದ್ರವನ್ನು ಮುಟ್ಟಿದನು. ಅದು ರಾಬರ್ಟ್ ಮಾಫಟ್ ಎಂಬ ಹಿರಿಯ ಮಿಷನರಿ ಕಟ್ಟಿ ಬೆಳೆಸಿದ ಊರು.

1844ರಲ್ಲಿ ಮಬೊಟ್ಸ ಎಂಬಲ್ಲಿ ಸಿಂಹವೊಂದು ಅವನ ಮೇಲೆ ಹಾರಿ ಎಡಗೈಯ ತೋಳಿನ ಮೂಳೆಯನ್ನು ಪುಡಿಮಾಡಿತು. ಮೂಳೆ ಸರಿಯಾಗಿ ಕೂಡಿಕೊಳ್ಳಲಿಲ್ಲ. ಆ ಕೈ ಕಡೆಯವರೆಗೂ ಊನವಾಗಿಯೇ ಉಳಿಯಿತು. ಮರುವರ್ಷದ ಜನವರಿಯಲ್ಲಿ ಅವನು ಮಾಫಟ್ಟನ ಹಿರಿಯ ಮಗಳು ಮೇರಿಯನ್ನು ಮದುವೆಯಾದನು. ಮೇರಿ 1821ರಲ್ಲಿ ಆಫ್ರಿಕಾದಲ್ಲಿಯೇ ಹುಟ್ಟಿದವಳು. ಆ ಜನರ ಭಾಷೆ ಆಕೆಗೆ ಎಳೆತನದಿಂದ ಬಂದದ್ದು. ಗಂಡನಿಗೆ ಹೊಸದಾಗಿದ್ದ ದೇಶ ಆಕೆಗೆ ತವರು. ಚೊಚ್ಚಲ ಮಗ ರಾಬರ್ಟ್ ಹುಟ್ಟಿದ ಮೇಲೆ ಅಲ್ಲಿಯ ಜನ ಆಕೆಯನ್ನು ಮಾ ರಾಬರ್ಟ್, ಎಂದರೆ ರಾಬರ್ಟನ ಅವ್ವ, ಎಂದೇ ಕರೆದರು. ನಮ್ಮ ಹಳ್ಳಿಗಳಲ್ಲಿಯೂ ಹೆಂಗಸರನ್ನು ಹೀಗೆಯೇ ಕರೆಯುವುದಿಲ್ಲವೆ?

ಮೊದಲ ಮನೆಯನ್ನು ಮಬೊಟ್ಸದಲ್ಲಿ ಕಟ್ಟಿದ್ದಾಯಿತು. ಜೊತೆಯ ಮಿಷನರಿಯೊಡನೆ ಮನಸ್ತಾಪ ಬಂದುದರಿಂದ ಅದನ್ನು ಬಿಟ್ಟು ಚೊನುವಾನೆ ಎಂಬಲ್ಲಿಗೆ, ಬಕ್ವೇನ ಜನರ ಅರಸನಾದ ಸೆಚೆಲೆಯ ಊರಿಗೆ, ಹೋದರು. ಅಲ್ಲಿ ಎರಡನೆಯ ಮನೆ. ಅಲ್ಲಿ ನೀರು ಸಾಲದೆ ಹೋಯಿತು. ಸುಮಾರು ನಲವತ್ತು ಮೈಲಿ ದೂರದಲ್ಲಿ ಕೊಲೊಬೆಂಗ್ ಎಂಬ ಚಿಕ್ಕ ನದಿಯಿದೆ, ಅಲ್ಲಿಗೆ ಹೋಗೋಣ ಎಂದು ಲಿವಿಂಗ್‌ಸ್ಟನ್ ಸೂಚಿಸಲು, 1847ರಲ್ಲಿ ಇಡೀ ಊರೇ ಎದ್ದು ಅವನ ಹಿಂದೆ ಹೊರಟಿತು. ಈಗ ಆ ಸ್ಥಳ ಬೋಟ್ಸ್ವಾನಾ ದೇಶದಲ್ಲಿದೆ. ಅಲ್ಲಿಂದಾಚೆಗೆ ಕಲಹಾರಿ. ನಾವು ಚಿತ್ರಗಳಲ್ಲಿ ನೋಡುವ ಮರಳಿನ ಗುಡ್ಡಗಳ ಮರುಭೂಮಿಯಲ್ಲ ಅದು. ಹುಲ್ಲಿದೆ, ಮುಳ್ಳಿನ ಮರಗಳಿವೆ, ನೀರು ತುಂಬಿದ ಕಾಡು ಕಲ್ಲಂಗಡಿ ಬೆಳೆಯುತ್ತದೆ; ಹರಿಯುವ ನೀರು ಮಾತ್ರ ಇಲ್ಲ. ಅಲ್ಲಿಯ ಬೇಡರು ಮರಳಿನೊಳಕ್ಕೆ ಜೊಂಡಿನ ಕೊಳವೆಯನ್ನಿಳಿಸಿ, ಬಾಯಿಂದ ನೀರನ್ನು ಹೀರಿ, ಉಷ್ಟ್ರಪಕ್ಷಿಯ ಮೊಟ್ಟೆಯ ಚಿಪ್ಪಿನಲ್ಲಿ ತುಂಬಿಡುತ್ತಿದ್ದರು.

ಸುಮಾರು ಒಂದು ವರ್ಷ ಗುಡಿಸಲಿನಲ್ಲಿದ್ದು, 1848ರ ಜುಲೈ ತಿಂಗಳಲ್ಲಿ ಹೊಸ ಮನೆಗೆ ಬಂದರು. ಬಕ್ವೇನರ ಮನೆಗಳೆಲ್ಲ ಗುಂಡಾಕಾರದವು. ಚೌಕವಾಗಿ ಒಂದು ಮೂಲೆಯನ್ನು ಕೂಡಿಸುವುದು ಅವರ ಕೈಗೆ ಒಗ್ಗದ ಕೆಲಸ. ಆದುದರಿಂದ ಮೂರು ಮನೆಗಳಲ್ಲಿಯೂ ಪ್ರತಿಯೊಂದು ಇಟ್ಟಿಗೆಯನ್ನೂ ಪ್ರತಿಯೊಂದು ಕೋಲನ್ನೂ ಲಿವಿಂಗ್‌ಸ್ಟನ್ ತನ್ನ ಬಲಗೈಯಿಂದಲೇ ಸರಿಯಾಗಿ ಕೂರಿಸಬೇಕಾಯಿತು. ಎಡಗೈಯನ್ನು ಸಿಂಹ ಕೆಡಿಸಿದ್ದನ್ನು ಇಲ್ಲಿ ನೆನೆಯಬೇಕು. ಅವನೇ ಕಮ್ಮಾರ, ಅವನೇ ಬಡಗಿ, ಅವನೇ ತೋಟಗಾರ, ಅವನೇ ವೈದ್ಯ. ಸಂಬಳ ವರ್ಷಕ್ಕೆ 100 ಪೌಂಡು. ಅಂಗಡಿಯೆಂಬುದು ನೂರಾರು ಮೈಲಿ ಈಚೆಗಿತ್ತು.

ಮನೆಯನ್ನು ಕಟ್ಟಿದವನು ಗಂಡ, ಅದನ್ನು ನಡೆಸಿದವಳು ಮೇರಿ. ನನ್ನ ಮಟ್ಟಿಗೆ ಇದು ಎರಡನೆಯದೇ ಕಷ್ಟದ ಕೆಲಸವೆಂದು ತೋರುತ್ತದೆ. ಕಾಳನ್ನು ಮನೆಯಲ್ಲೇ ಬೀಸಬೇಕು. ರೊಟ್ಟಿ ಸುಡುವುದಕ್ಕೆ ದೊಡ್ಡ ಹುತ್ತವೊಂದನ್ನು ಕೊರೆದು ಪೊಟರೆ ಮಾಡಿ, ಒಳಗೆ ಬೆಂಕಿ ಹಾಕಿ ಕಾಯಿಸಿ, ಚಪ್ಪಡಿಕಲ್ಲನ್ನು ಬಾಗಿಲಾಗಿ ಇಡುತ್ತಿದ್ದರು. (ನಾವು ಹಾಲೆರೆಯುವ ಹುತ್ತದಲ್ಲಿ ಆಕೆ ರೊಟ್ಟಿ ಬೇಯಿಸಿದಳು.) ಬೆಣ್ಣೆಯನ್ನು ಜಾಡಿಯಲ್ಲಿ ಕಡೆಯಬೇಕು. ಪ್ರಾಣಿಗಳ ಕೊಬ್ಬನ್ನು ಕರಗಿಸಿ ಮೇಣದ ಬತ್ತಿ ಎರೆಯಬೇಕು. ಗಿಡದ ಬೂದಿಯಿಂದ ಸೋಪು ಕಾಯಿಸಬೇಕು. ಬೆಳಗ್ಗೆ ಗಂಡಸರು ಹೆಂಗಸರು ಮಕ್ಕಳೆಲ್ಲರಿಗೂ ಶಾಲೆ. ಊಟವಾದ ಮೇಲೆ ಮೇರಿ ಎಳೆಯ ಮಕ್ಕಳನ್ನು ಕೂರಿಸಿಕೊಂಡು ಕಲಿಸುವಳು, ಹುಡುಗಿಯರಿಗೆ ಹೊಲಿಗೆ ಹೇಳಿಕೊಡುವಳು. ಕಂಕುಳಲ್ಲಿ ಒಂದು, ಸೆರಗು ಹಿಡಿದು ಇನ್ನೊಂದು. ರಾಬರ್ಟನ ಹಿಂದೆ 1847ರಲ್ಲಿ ಆಗ್ನೆಸ್, 1849ರಲ್ಲಿ ಥಾಮಸ್ ಹುಟ್ಟಿದರು. ಸಂಜೆ ಹಸು ಕರೆದ ಮೇಲೆ ಗಂಡ ಊರೊಳಕ್ಕೆ ಹೋಗಿ ಜನರೊಡನೆ ಮಾತಾಡುತ್ತ ಕೂಡುವನು.

ಮೊದಲ ವರ್ಷ ಎಲ್ಲವೂ ಚೆನ್ನಾಗಿತ್ತು. ನದಿಗೆ ಅಡ್ಡಗಟ್ಟಿ ಕಾಲುವೆ ತೋಡಿ ತೋಟಕ್ಕೆ ನೀರು ಹಾಯಿಸಿದರು. ಎರಡನೆಯ ವರ್ಷ ಮಳೆ ಹೋಯಿತು. ಮೂರನೆಯ ವರ್ಷವೂ ಹೋಯಿತು, ನಾಲ್ಕನೆಯ ವರ್ಷವೂ ಅಷ್ಟೆ. ಎರಡು ವರ್ಷ ಕೂಡಿ ಹತ್ತು ಅಂಗುಲವೂ ಬೀಳಲಿಲ್ಲ. ನಡುಹಗಲಿನಲ್ಲಿ ಮೂರು ಅಂಗುಲ ಮಣ್ಣಿನ ಕೆಳಗೆ ಇಟ್ಟ ಉಷ್ಣಮಾಪಕ 132ರಿಂದ 134 ಡಿಗ್ರಿ ಫ್ಯಾರನ್‌ಹೀಟ್ ತೋರಿಸಿತು. ಬಯಲಿನಲ್ಲಿ ಬಿಟ್ಟ ಸೂಜಿಗೆ ತಿಂಗಳುಗಟ್ಟಲೆ ತುಕ್ಕು ಹಿಡಿಯಲಿಲ್ಲ. ಕೊಲೊಬೆಂಗ್ ನದಿ ಬತ್ತಿ, ಸತ್ತ ಮೀನುಗಳು ಎಷ್ಟಾದುವೆಂದರೆ ಸುತ್ತಲ ಕತ್ತೆಕಿರುಬಗಳೆಲ್ಲ ಬಂದರೂ ತಿಂದು ತೀರಿಸಲಾಗಲಿಲ್ಲ. ಹೆಂಗಸರು ಮೈಮೇಲಿನ ಒಡವೆಗಳನ್ನು ಮಾರಿ ಅನ್ಯ ಕುಲಗಳಿಂದ ಕಾಳು ತಂದರು. ಮಕ್ಕಳು ಗೆಡ್ಡೆ ಅಗೆಯಲು ಕಾಡಿಗೆ ಹೋದರು. ಮಿಷನರಿಯ ಮನೆಯಲ್ಲಿಯೂ ಮಿಡತೆಯನ್ನು ಹುರಿದು ತಿಂದರು. ಅಪರೂಪಕ್ಕೆ ಗುಡುಗಿ ನಾಲ್ಕು ಹನಿ ಬಿದ್ದರೆ ಮಣ್ಣಿನಿಂದೇಳುವ ದೊಡ್ಡ ಕಪ್ಪೆ ಲಿವಿಂಗ್‌ಸ್ಟನ್ನನ ಮಕ್ಕಳಿಗೆ ಹಬ್ಬದ ಊಟವಾಗಿತ್ತು. ಮೇರಿಯ ತವರಾದ ಕುರುಮಾನಿನಿಂದ ಎತ್ತಿನ ಬಂಡಿಯಲ್ಲಿ ಧಾನ್ಯ ಬರಬೇಕಾಗಿತ್ತು. ದಾರಿ ಹಲವು ದಿನಗಳದು.

ನಮ್ಮ ಕಡೂರು ಸೀಮೆಯ ಪೂರ್ವದ ಹೋಬಳಿಗಳವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವೇದಾವತಿಯ ಮರಳು ಒಣಗಿ ಬಿಸಿಯೇರುವುದನ್ನು ಕಂಡಿದ್ದೇವೆ. 2016ರ ಸುಮಾರಿನ ಬರದಲ್ಲಿ ತೆಂಗಿನ ಮರಗಳು ಸುಳಿ ಒಣಗಿ ಸಾಲುಸಾಲಾಗಿ ನಿಂತದ್ದನ್ನೂ ಕಂಡಿದ್ದೇವೆ. ಮಳೆ ನಮ್ಮ ಹೊಲದ ಮೇಲೆ ಬರದೆ ಪಕ್ಕದ ಊರಿನ ಗುಡ್ಡದ ಮೇಲೆ ಸುರಿದರೆ ಮನಸ್ಸಿಗೆ ಆಗುವುದೇನೆಂದು ನಮಗೆ ಗೊತ್ತು. ಕೊಲೊಬೆಂಗಿನಲ್ಲಿ ಆದದ್ದೂ ಅದೇ. ಹತ್ತು ಮೈಲಿ ಆಚೆಯ ಬೆಟ್ಟಗಳಲ್ಲಿ ಮಳೆಯ ತೆರೆ ಕಾಣುತ್ತಿತ್ತು, ಇಲ್ಲಿ ಒಂದು ಹನಿಯಿಲ್ಲ. ಜನ ಕಾರಣ ಹುಡುಕಿದರು. ಸೆಚೆಲೆ ಅವರ ಅರಸನಷ್ಟೇ ಅಲ್ಲ, ಹೆಸರಾಂತ ಮಳೆ ತರಿಸುವ ವೈದ್ಯನೂ ಆಗಿದ್ದನು. ಅಕ್ಷರಮಾಲೆಯನ್ನು ಒಂದೇ ದಿನದಲ್ಲಿ ಕಲಿತ ಬುದ್ಧಿವಂತನು. 1848ರ ಅಕ್ಟೋಬರಿನಲ್ಲಿ ದೀಕ್ಷೆ ಪಡೆದು, ಒಬ್ಬ ಹೆಂಡತಿಯನ್ನುಳಿದು ಮಿಕ್ಕವರನ್ನು ತವರಿಗೆ ಕಳುಹಿಸಿ, ಮಳೆಯ ಮಂತ್ರವನ್ನೂ ಬಿಟ್ಟನು. ಮಿಷನರಿ ನಮ್ಮ ಅರಸನನ್ನು ಮಾಟದಿಂದ ಕಟ್ಟಿಹಾಕಿದ್ದಾನೆ ಎಂದು ಜನ ಭಾವಿಸಿದರು. ಪ್ರಾರ್ಥನೆಯಿಲ್ಲದ ಕುಲಗಳಿಗೆ ಮಳೆಯಾಗುತ್ತದೆ, ಪ್ರಾರ್ಥಿಸುವ ನಮಗೆ ಆಗುವುದಿಲ್ಲ ಎಂಬುದು ಅವರ ತರ್ಕ. ಆದರೂ ಅವರು ಆ ಸಂಸಾರಕ್ಕೆ ಕೆಡುಕನ್ನೆಣಿಸಲಿಲ್ಲ. ನಮ್ಮಲ್ಲೇ ಹುಟ್ಟಿದವನಂತೆ ನಿನ್ನನ್ನು ಕಂಡಿದ್ದೇವೆ, ಉಪದೇಶವೊಂದನ್ನು ಬಿಟ್ಟುಬಿಡು ಎಂಬ ಅರ್ಥದಲ್ಲಿ ಹಿರಿಯರು ಬೇಡಿಕೊಂಡರು. ಲಿವಿಂಗ್‌ಸ್ಟನ್ ಮಳೆವೈದ್ಯನೊಡನೆ ತಾನು ಮಾಡಿದ ವಾದವನ್ನು ಪುಸ್ತಕದಲ್ಲಿ ಬರೆದಿದ್ದಾನೆ. ಎದುರಾಳಿಯ ಮಾತನ್ನು ಎಲ್ಲಿಯೂ ಕುಗ್ಗಿಸಿಲ್ಲ. ಮಣ್ಣಿನ ಮಳೆರಾಯನನ್ನು ಹಲಗೆಯ ಮೇಲಿಟ್ಟು ಮನೆಮನೆಗೆ ಹೊತ್ತು ನೀರು ಹುಯ್ಯಿಸಿಕೊಂಡ ನಮ್ಮ ಊರುಗಳ ಹುಡುಗರು ಆ ವಾದವನ್ನು ಓದಿದರೆ ಯಾರ ಪಕ್ಷ ವಹಿಸುವರೋ ಹೇಳಲಾರೆ.

ಬರ ಅವನನ್ನು ಮನೆಯಿಂದ ಹೊರಕ್ಕೆ ತಳ್ಳಿತೆಂದು ಚರಿತ್ರಕಾರರು ಹೇಳುವುದುಂಟು. ಅದು ಅರ್ಧ ಮಾತ್ರ ನಿಜವೆಂದು ನನ್ನ ಅಭಿಪ್ರಾಯ. ಉತ್ತರದ ಕಡೆ ಸರೋವರವಿದೆ, ನದಿಗಳಿವೆ ಎಂಬ ಸುದ್ದಿ ಕೇಳಿದ ದಿನದಿಂದ ಅವನ ಕಾಲು ನಿಂತಲ್ಲಿ ನಿಲ್ಲಲಿಲ್ಲ. 1849ರ ಜೂನ್ 1ರಂದು ಆಸ್ವೆಲ್ ಮತ್ತು ಮರ್ರೆ ಎಂಬ ಬೇಟೆಗಾರರೊಡನೆ ಹೊರಟು, ಕಲಹಾರಿಯನ್ನು ದಾಟಿ, ಆಗಸ್ಟ್ 1ರಂದು ನ್ಗಾಮಿ ಸರೋವರವನ್ನು ಕಂಡನು. ಈ ಆಸ್ವೆಲ್ಲನು ಹಿಂದೆ ನಮ್ಮ ಮದರಾಸು ಆಧಿಪತ್ಯದಲ್ಲಿ ಕಂಪನಿಯ ಅಧಿಕಾರಿಯಾಗಿದ್ದವನು, ಉದಾರಿ. ಮರುವರ್ಷ ಲಿವಿಂಗ್‌ಸ್ಟನ್ ತುಂಬು ಬಸುರಿಯಾಗಲಿದ್ದ ಹೆಂಡತಿಯನ್ನೂ ಮೂರು ಮಕ್ಕಳನ್ನೂ ಬಂಡಿಯಲ್ಲಿ ಕೂರಿಸಿಕೊಂಡು ಅದೇ ದಾರಿಯಲ್ಲಿ ಹೋದನು. ಮಕ್ಕಳಿಗೆ ಜ್ವರ ಬಂದು ಹಿಂದಿರುಗಬೇಕಾಯಿತು. ಕೊಲೊಬೆಂಗಿಗೆ ಬಂದ ಮೇಲೆ 1850ರ ಆಗಸ್ಟಿನಲ್ಲಿ ಹೆಣ್ಣು ಮಗು ಹುಟ್ಟಿತು. ಎಲಿಜಬೆತ್ ಎಂದು ಹೆಸರಿಟ್ಟರು. ಆರು ವಾರಕ್ಕೆ ತೀರಿಕೊಂಡಿತು. ಮೇರಿಯ ಮುಖದ ಒಂದು ಪಾರ್ಶ್ವಕ್ಕೆ ವಾಯು ಬಡಿದಂತಾಯಿತು.

ಇಷ್ಟಾದ ಮೇಲೂ 1851ರಲ್ಲಿ ಪುನಃ ಹೊರಟರು, ಮೇರಿ ಮತ್ತೆ ಬಸುರಿ. ಆಕೆಯ ತಾಯಿ ಕುರುಮಾನಿನಿಂದ ಬಹು ಕಠಿಣವಾದ ಕಾಗದವನ್ನು ಅಳಿಯನಿಗೆ ಬರೆದಳು. ಅಳಿಯ ಕೇಳಲಿಲ್ಲ. ದಾರಿ ತೋರಿಸುವವನು ನಡುವೆ ಕಾಣೆಯಾದನು. ಬಂಡಿಯಲ್ಲಿದ್ದ ನೀರು ಮುಗಿಯಿತು. ಮಕ್ಕಳು ನೀರಿಗಾಗಿ ಅತ್ತರು. ಮೇರಿ ಗಂಡನನ್ನು ಒಂದು ಮಾತೂ ದೂರಲಿಲ್ಲ, ಕಣ್ಣಲ್ಲಿ ಮಾತ್ರ ನೀರು ತುಂಬಿತ್ತು. ಬೈದಿದ್ದರೆ ತನಗೆ ಹಗುರವಾಗುತ್ತಿತ್ತೆಂದು ಅವನೇ ಬರೆದಿದ್ದಾನೆ. ಐದನೆಯ ದಿನ ನೀರು ಸಿಕ್ಕಿತು. ಆ ಪ್ರಯಾಣದಲ್ಲಿ ಲಿವಿಂಗ್‌ಸ್ಟನ್ ಜಾಂಬೆಜಿ ನದಿಯನ್ನು ಕಂಡನು. ಹಿಂದಿರುಗುವಾಗ ನದೀತೀರದಲ್ಲಿ ಮೇರಿ ಗಂಡುಮಗುವನ್ನು ಹೆತ್ತಳು. ಮೊದಲನೆಯದನ್ನು ಪಾಠದ ಪುಸ್ತಕಗಳೆಲ್ಲ ಹೇಳುತ್ತವೆ.

1852ರ ಏಪ್ರಿಲ್ 23ರಂದು ಕೇಪ್‌ಟೌನಿನಲ್ಲಿ ಹೆಂಡತಿಯನ್ನೂ ನಾಲ್ಕು ಮಕ್ಕಳನ್ನೂ ಇಂಗ್ಲೆಂಡಿನ ಹಡಗು ಹತ್ತಿಸಿದನು. ಅವರ ಬಟ್ಟೆಬರೆಗೆ ಹಣ ಕೊಟ್ಟವನು ಆಸ್ವೆಲ್. ಅದೇ ವರ್ಷ ಟ್ರಾನ್ಸ್‌ವಾಲಿನ ಬೋಯರರು ಸೆಚೆಲೆಯ ಮೇಲೆ ದಂಡೆತ್ತಿ ಬಂದು, ಹೆಂಗಸರು ಮಕ್ಕಳನ್ನು ಸೆರೆ ಹಿಡಿದು, ಕೊಲೊಬೆಂಗಿನ ಮನೆಯನ್ನು ಸೂರೆಮಾಡಿದರು. ಔಷಧದ ಸೀಸೆಗಳು ಒಡೆದುವು, ಪುಸ್ತಕಗಳ ಹಾಳೆಗಳು ಹರಿದು ಬಯಲೆಲ್ಲ ಹರಡಿದುವು. ಬಂಡಿಯ ಗಾಲಿ ಮುರಿದು ಕುರುಮಾನಿನಲ್ಲಿ ತಡವಾದುದರಿಂದ ಲಿವಿಂಗ್‌ಸ್ಟನ್ ಬದುಕಿಕೊಂಡನು.

ಅಲ್ಲಿಂದ ಮುಂದಿನದು ಜಗತ್ಪ್ರಸಿದ್ಧವಾದ ಭಾಗ. 1854ರಲ್ಲಿ ಲುವಾಂಡ, 1855ರಲ್ಲಿ ಜಲಪಾತ, 1856ರಲ್ಲಿ ಪೂರ್ವ ಸಮುದ್ರ. ಆ ನಾಲ್ಕೂವರೆ ವರ್ಷ ಮೇರಿ ಬ್ರಿಟನ್ನಿನಲ್ಲಿ ಹಣದ ಮುಗ್ಗಟ್ಟಿನಿಂದ ಮಕ್ಕಳನ್ನು ಕಟ್ಟಿಕೊಂಡು ಮನೆಯಿಂದ ಮನೆಗೆ ಅಲೆದಳು. 1862ರಲ್ಲಿ ಗಂಡನನ್ನು ಕೂಡಿಕೊಳ್ಳಲು ಜಾಂಬೆಜಿಗೆ ಬಂದವಳು ಮೂರೇ ತಿಂಗಳಲ್ಲಿ, ಏಪ್ರಿಲ್ 27ರಂದು, ಶುಪಾಂಗ ಎಂಬಲ್ಲಿ ಜ್ವರದಿಂದ ತೀರಿಕೊಂಡಳು. ಹಿರಿಯ ಮಗ ರಾಬರ್ಟ್ ಬೇರೆ ಹೆಸರಿನಲ್ಲಿ ಅಮೆರಿಕದ ಅಂತರ್ಯುದ್ಧದ ಸೈನ್ಯಕ್ಕೆ ಸೇರಿ, ಸೆರೆಸಿಕ್ಕಿ, 1864ರಲ್ಲಿ ಸತ್ತನು. ಆ ವರ್ಷವೇ ಲಿವಿಂಗ್‌ಸ್ಟನ್ ತನ್ನ ಚಿಕ್ಕ ಹಡಗನ್ನು ತಾನೇ ನಡೆಸಿಕೊಂಡು ಜಾಂಜಿಬಾರಿನಿಂದ ಮುಂಬಯಿಗೆ ಬಂದಿದ್ದನು. 1873ರ ಮೇ 1ರಂದು ಈಗಿನ ಜಾಂಬಿಯಾ ದೇಶದ ಒಂದು ಹಳ್ಳಿಯ ಗುಡಿಸಲಿನಲ್ಲಿ ಮೊಣಕಾಲೂರಿದ ಭಂಗಿಯಲ್ಲಿ ಪ್ರಾಣಬಿಟ್ಟನು. ಅವನ ಆಫ್ರಿಕದ ಅನುಚರರಾದ ಸುಸಿ, ಚುಮಾ ಮೊದಲಾದವರು ಹೃದಯವನ್ನು ಅಲ್ಲಿಯೇ ಮರದಡಿ ಹೂಳಿ, ದೇಹವನ್ನು ಒಣಗಿಸಿ, ತಿಂಗಳುಗಟ್ಟಲೆ ಹೊತ್ತು ಸಮುದ್ರತೀರಕ್ಕೆ ತಂದರು. ಲಂಡನ್ನಿನಲ್ಲಿ ಆ ದೇಹವನ್ನು ಗುರುತಿಸಿದ್ದು ಸಿಂಹ ಮುರಿದ ತೋಳಿನ ಮೂಳೆಯಿಂದ.

ಕೊಲೊಬೆಂಗಿನ ದಿನಗಳನ್ನು ಕುರಿತು ಬರೆಯುವಾಗ ಅವನು ಒಂದು ಪಶ್ಚಾತ್ತಾಪವನ್ನು ಹೇಳಿಕೊಂಡಿದ್ದಾನೆ. ಹಗಲೆಲ್ಲ ಅನ್ಯರಿಗಾಗಿ ದುಡಿದು, ಸಂಜೆ ದಣಿದು ಬಂದು, ತನ್ನ ಮಕ್ಕಳೊಡನೆ ಆಡುವುದಕ್ಕೆಂದು ಸಮಯವನ್ನು ತೆಗೆದಿಡಲಿಲ್ಲವಲ್ಲ ಎಂಬುದೇ ಅದು. ಇಷ್ಟು ದೊಡ್ಡ ಗ್ರಂಥದಲ್ಲಿ ಇದಕ್ಕೆ ದೊರೆತಿರುವುದು ಕೆಲವೇ ಸಾಲು. ಆ ಮನೆಯ ಸ್ಥಳವನ್ನು ಬೋಟ್ಸ್ವಾನಾ ಸರ್ಕಾರ ರಾಷ್ಟ್ರೀಯ ಸ್ಮಾರಕವಾಗಿ ಕಾಪಾಡಿಕೊಂಡಿದೆ. ಗೋಡೆಗಳಿಲ್ಲ, ತಳಪಾಯದ ಗುರುತುಗಳಿವೆ. ಸಮೀಪದಲ್ಲಿ ಕೆಲವು ಗೋರಿಗಳಿವೆ. ಎಲಿಜಬೆತ್ತಳನ್ನು ಮಣ್ಣು ಮಾಡಿದ್ದು ಅಲ್ಲಿಯೇ.