ಹೋಮಿ ಭಾಭಾ: ಸಾವಿನ ಫಾರ್ವರ್ಡ್ ನೋಡಿದ್ದೀರಿ, ಕೋಲಾರದ ಕತೆ ಗೊತ್ತೇ?

ಹೋಮಿ ಭಾಭಾ ಅವರ ವಿಮಾನವನ್ನು ಸಂಚು ಮಾಡಿ ಉರುಳಿಸಲಾಯಿತು ಎಂಬ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. 1966ರ ಜನವರಿ 24ರಂದು ಏರ್ ಇಂಡಿಯಾ ವಿಮಾನ ಆಲ್ಪ್ಸ್‌ನ ಮೋಂಟ್ ಬ್ಲಾಂಕ್ ಪರ್ವತಕ್ಕೆ ಅಪ್ಪಳಿಸಿ ಅವರು ತೀರಿಕೊಂಡದ್ದು ನಿಜ. ವಿಮಾನ ಎಲ್ಲಿದೆ ಎಂಬ ಬಗ್ಗೆ ಪೈಲಟ್ ಮತ್ತು ನಿಯಂತ್ರಣ ಕೇಂದ್ರದ ನಡುವೆ ಆದ ತಪ್ಪು ಗ್ರಹಿಕೆಯೇ ಕಾರಣ ಎಂದು ಫ್ರಾನ್ಸ್‌ನ ತನಿಖೆ ಹೇಳಿತು. ಸಂಚಿಗೆ ಪುರಾವೆ ಸಿಕ್ಕಿಲ್ಲ. ಸಾವಿನ ಬಗ್ಗೆ ಇಷ್ಟು ಹೇಳುವ ಸಂದೇಶಗಳು ಅವರ ಕೆಲಸದ ಬಗ್ಗೆ ಏನೂ ಹೇಳುವುದಿಲ್ಲ.

1909ರಲ್ಲಿ ಮುಂಬೈನಲ್ಲಿ ಹುಟ್ಟಿದ ಭಾಭಾ, ಕೇಂಬ್ರಿಜ್‌ನಲ್ಲಿ ಓದಿ ಕಾಸ್ಮಿಕ್ ಕಿರಣಗಳ ಸಂಶೋಧನೆಯಲ್ಲಿ ಹೆಸರು ಮಾಡಿದರು. 1939ರಲ್ಲಿ ರಜೆಗೆಂದು ಊರಿಗೆ ಬಂದಾಗ ಮಹಾಯುದ್ಧ ಶುರುವಾಯಿತು. ವಾಪಸ್ ಹೋಗಲಾಗದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. 1945ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಶುರುವಾದದ್ದೂ ಅಲ್ಲಿಯೇ, ಆಮೇಲೆ ಅದು ಮುಂಬೈಗೆ ಹೋಯಿತು.

1951ರಲ್ಲಿ ಅವರು ನಂಜನಗೂಡಿನ ಯುವಕ ಬಿ.ವಿ. ಶ್ರೀಕಂಠನ್ ಅವರನ್ನು ಕೋಲಾರದ ಚಿನ್ನದ ಗಣಿಗೆ ಕಳಿಸಿದರು. ಮ್ಯೂಯಾನ್ ಎಂಬ ಕಾಸ್ಮಿಕ್ ಕಣಗಳು ನೆಲದೊಳಗೆ ಎಷ್ಟು ಆಳಕ್ಕೆ ಇಳಿಯುತ್ತವೆ ಎಂದು ಅಳೆಯುವುದು ಕೆಲಸ. ಆಳಕ್ಕೆ ಹೋದಂತೆ ಬಂಡೆ ಅವನ್ನು ತಡೆಯುತ್ತದೆ. ನ್ಯೂಟ್ರಿನೊ ಮಾತ್ರ ಬಂಡೆಯನ್ನೂ ದಾಟುತ್ತದೆ. ಹಾಗಾಗಿ ಬೇರೆ ಕಣಗಳ ಗದ್ದಲ ಅಡಗಿದ ಆಳವೇ ನ್ಯೂಟ್ರಿನೊ ಹುಡುಕಲು ಒಳ್ಳೆಯ ಜಾಗ. 1965ರಲ್ಲಿ ಸುಮಾರು 2.3 ಕಿ.ಮೀ. ಆಳದಲ್ಲಿ ಭಾರತ, ಜಪಾನ್, ಬ್ರಿಟನ್ ವಿಜ್ಞಾನಿಗಳ ತಂಡ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತು ಹಿಡಿಯಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ದಕ್ಷಿಣ ಆಫ್ರಿಕಾದ ಗಣಿಯೊಂದರಲ್ಲೂ ಅವು ಸಿಕ್ಕವು. ಕೆಲವೇ ತಿಂಗಳಲ್ಲಿ ಭಾಭಾ ಇರಲಿಲ್ಲ.

ಅದೇ ಬಗೆಯ ನ್ಯೂಟ್ರಿನೊಗಳು 1998ರಲ್ಲಿ ಜಪಾನಿನ ಸೂಪರ್ ಕಾಮಿಯೊಕಾಂಡೆಯಲ್ಲಿ ಅಚ್ಚರಿ ತಂದವು. ಅವು ದಾರಿಯಲ್ಲೇ ಒಂದು ಬಗೆಯಿಂದ ಇನ್ನೊಂದಕ್ಕೆ ಬದಲಾಗುತ್ತವೆ! ಅಂದರೆ ಅವಕ್ಕೆ ತೂಕವಿದೆ. ಭೌತಶಾಸ್ತ್ರದ ಮೂಲ ಲೆಕ್ಕದಲ್ಲಿ ಇದು ಇರಲಿಲ್ಲ.

ಇನ್ನೂ ಏನೇನು ಬಿಟ್ಟುಹೋಗಿದೆ ಎಂದು ಹುಡುಕಲು ಈಗ ನ್ಯೂಟ್ರಿನೊಗಳನ್ನು ತಯಾರಿಸಿ ದೂರಕ್ಕೆ ಕಳಿಸುತ್ತಾರೆ. ಜಪಾನಿನ ಟಿ2ಕೆ ಪ್ರಯೋಗದಲ್ಲಿ ಈ ದೂರ 295 ಕಿ.ಮೀ. ಮಂಗಳೂರಿನಿಂದ ಬೆಂಗಳೂರಿಗೆ ನೇರ ಗೆರೆ ಎಳೆದರೆ ಹೆಚ್ಚುಕಡಿಮೆ ಅಷ್ಟೇ. ಅಂಥ ಕಿರಣ ಇಲ್ಲಿ ಹರಿದರೆ ಸಕಲೇಶಪುರ, ಬಾಳ್ಳುಪೇಟೆಯ ಬೆಟ್ಟಗಳ ಅಡಿಯಿಂದಲೇ ಸಾಗುತ್ತದೆ. ಸುರಂಗವೂ ಬೇಡ, ಕಾಫಿ ತೋಟಕ್ಕೆ ಹಾನಿಯೂ ಇಲ್ಲ. ಸೂರ್ಯನಿಂದ ಬರುವ ಲಕ್ಷಾಂತರ ಕೋಟಿ ನ್ಯೂಟ್ರಿನೊಗಳು ಪ್ರತಿ ಸೆಕೆಂಡಿಗೆ ನಿಮ್ಮ ಮೈಯನ್ನು ದಾಟುತ್ತಲೇ ಇವೆ.

ಸಂಚಿನ ಸಂದೇಶ ಮತ್ತೆ ಬಂದರೆ, ಉತ್ತರವಾಗಿ ಕೋಲಾರದ ಈ ಕತೆ ಕಳಿಸಿ.