ಪಾಂಡಿತ್ಯವನ್ನುಳಿಸಿ ಗರ್ವವನ್ನು ತ್ಯಜಿಸಿದ ಶ್ರೀ ಜಗನ್ನಾಥದಾಸರು

ಹರಿದಾಸ ಸಾಹಿತ್ಯಕ್ಕೆ ಕಳಶಪ್ರಾಯವಾದ ಹರಿಕಥಾಮೃತಸಾರವನ್ನು ಕರುಣಿಸಿದ ಶ್ರೀ ಜಗನ್ನಾಥದಾಸರು ಒಂದು ಕಾಲದಲ್ಲಿ ದಾಸಕೂಟವನ್ನೇ ಲಘುವಾಗಿ ಕಂಡವರು. ಹಿಡಿದುದನ್ನು ಬಿಡಬೇಕಾದ ಹೊತ್ತು ಬಂದಾಗ ಏನನ್ನು ಬಿಡಬೇಕು, ಏನನ್ನು ಉಳಿಸಿಕೊಳ್ಳಬೇಕು ಎಂಬ ವಿವೇಕಕ್ಕೆ ಅವರ ಜೀವನವೇ ಒಂದು ಪಾಠ.

ಇಂದಿನ ರಾಯಚೂರು ಜಿಲ್ಲೆಯ ಬ್ಯಾಗವಾಟದಲ್ಲಿ 1728ರಲ್ಲಿ ಜನಿಸಿದ ಅವರ ಪೂರ್ವಾಶ್ರಮದ ಹೆಸರು ಶ್ರೀನಿವಾಸ. ಮಂತ್ರಾಲಯದ ಪೀಠವನ್ನು ಅಲಂಕರಿಸಿದ್ದ, ಪುಣೆಯಲ್ಲಿ ಬೃಂದಾವನಸ್ಥರಾಗಿರುವ ಶ್ರೀ ವರದೇಂದ್ರತೀರ್ಥರಲ್ಲಿ ಶಾಸ್ತ್ರಾಧ್ಯಯನ ಮಾಡಿದರು. ಕಿರಿಯ ವಯಸ್ಸಿನಲ್ಲಿಯೇ ಶ್ರೀನಿವಾಸಾಚಾರ್ಯರೆಂದು ಪ್ರಸಿದ್ಧರಾಗಿ, ಮಾನವಿಯಲ್ಲಿ ನೆಲೆಸಿ ಶಿಷ್ಯರಿಗೆ ಪಾಠ ಹೇಳತೊಡಗಿದರು. ವಿದ್ಯೆಯ ಜೊತೆಗೆ ವಿದ್ಯಾಮದವೂ ಬೆಳೆಯಿತು. ಶಾಸ್ತ್ರವಿಷಯವನ್ನು ಸಂಸ್ಕೃತದಲ್ಲಿಯೇ ಹೇಳಬೇಕು, ತಾಳ ತಂಬೂರಿ ಹಿಡಿದು ಕನ್ನಡದಲ್ಲಿ ಹಾಡುವವರಿಗೆ ತತ್ತ್ವಜ್ಞಾನವೆಲ್ಲಿಯದು ಎಂಬ ಭಾವನೆ ಅವರಲ್ಲಿ ಬಲವಾಯಿತು.

ಶ್ರೀ ವಿಜಯದಾಸರು ಮಾನವಿಗೆ ಬಂದಾಗ ಆಚಾರ್ಯರನ್ನು ತೀರ್ಥಪ್ರಸಾದಕ್ಕೆ ಆಹ್ವಾನಿಸಿದರು. ಹೊತ್ತು ಮೀರಿ ಉಂಡರೆ ತಮಗೆ ಉದರಶೂಲೆ ಬರುವುದೆಂಬ ನೆಪ ಹೇಳಿ ಆಚಾರ್ಯರು ಹೋಗಲಿಲ್ಲ. ಹೇಳಿದ ಸುಳ್ಳು ಸ್ವಲ್ಪ ಕಾಲದಲ್ಲಿಯೇ ನಿಜವಾಯಿತೆಂದು ಸಂಪ್ರದಾಯಜ್ಞರು ಹೇಳುತ್ತಾರೆ. ಅನ್ನ ಸೇರದಾಯಿತು, ಔಷಧಗಳು ನಾಟಲಿಲ್ಲ, ದೇಹ ಕೃಶವಾಯಿತು. ಆಯುಷ್ಯವೇ ಮುಗಿಯುತ್ತ ಬಂದಿತ್ತು. ಅಲ್ಲಿಯವರೆಗೆ ಕೀರ್ತಿ ತಂದುಕೊಟ್ಟ ಗರ್ವವು ಪ್ರಾಣಸಂಕಟದಲ್ಲಿ ಯಾವ ಉಪಯೋಗಕ್ಕೂ ಬರಲಿಲ್ಲ.

ಕ್ಷೇತ್ರಸೇವೆ ಮಾಡುತ್ತ ಮಂತ್ರಾಲಯದಲ್ಲಿ ಶ್ರೀ ರಾಯರ ಮೊರೆಹೊಕ್ಕಾಗ, ಅಪರಾಧವೆಸಗಿದ ಸ್ಥಳದಲ್ಲಿಯೇ ಕ್ಷಮೆ ಬೇಡಬೇಕೆಂಬ ಸೂಚನೆ ಸ್ವಪ್ನದಲ್ಲಿ ದೊರೆಯಿತು. ಆಚಾರ್ಯರಿಗೆ ಇದು ಸುಲಭವಾಗಿರಲಿಲ್ಲ. ಶಿಷ್ಯರೆದುರಿಗೆ ತಾವೇ ಹಗುರವಾಗಿ ಕಂಡವರ ಪಾದಕ್ಕೆ ಎರಗಬೇಕಿತ್ತು. ಆದರೂ ಹೋಗಿ ಶರಣಾದರು. ವಿಜಯದಾಸರು ಕರುಣೆಯಿಂದ ಅವರನ್ನು ತಮ್ಮ ಶಿಷ್ಯರಾದ ಶ್ರೀ ಗೋಪಾಲದಾಸರ ಬಳಿಗೆ ಕಳುಹಿಸಿದರು. ಗೋಪಾಲದಾಸರು ಜೋಳದ ರೊಟ್ಟಿಯನ್ನು ಪ್ರಸಾದವಾಗಿ ಕೊಟ್ಟು ವ್ಯಾಧಿಯನ್ನು ಕಳೆದು, ಗುರುವಿನ ಆಜ್ಞೆಯಂತೆ ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷಗಳನ್ನು ಧಾರೆಯೆರೆದರೆಂಬುದು ಪರಂಪರೆಯಿಂದ ಬಂದ ವಿಷಯ. ಅನಂತರ ಪಂಢರಪುರದ ಚಂದ್ರಭಾಗೆಯಲ್ಲಿ ಜಗನ್ನಾಥವಿಠಲನೆಂಬ ಅಂಕಿತ ಪ್ರಾಪ್ತವಾಯಿತು.

ವಿಜಯದಾಸರು 1755ರಲ್ಲಿ ಹರಿಪದವನ್ನು ಸೇರಿದರು. ಆದುದರಿಂದ ಈ ಪರಿವರ್ತನೆಯಾದಾಗ ಆಚಾರ್ಯರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಗೆಲುವಿನ ಹಾದಿಯಲ್ಲಿದ್ದಾಗಲೇ ಹಾದಿಯನ್ನು ಬದಲಿಸುವುದಕ್ಕೆ ಹೆಚ್ಚಿನ ಧೈರ್ಯ ಬೇಕು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ದಾಸರು ತ್ಯಜಿಸಿದ್ದು ಗರ್ವವನ್ನು, ವಿದ್ಯೆಯನ್ನಲ್ಲ. ಗುರುಗಳಿಂದ ಕಲಿತ ಶಾಸ್ತ್ರವೆಲ್ಲವೂ ಭಾಮಿನೀ ಷಟ್ಪದಿಯಲ್ಲಿ ಹರಿಕಥಾಮೃತಸಾರವಾಗಿ ಹರಿಯಿತು. ತಾರತಮ್ಯ, ಬಿಂಬೋಪಾಸನೆಗಳಂತಹ ಗಹನ ಪ್ರಮೇಯಗಳು ಸಂಸ್ಕೃತವರಿಯದ ಗೃಹಸ್ಥರಿಗೂ ಸ್ತ್ರೀಯರಿಗೂ ದೊರೆತವು. ಸುವ್ವಿ ಎನ್ನುತ್ತ ಹಾಡುವ ಹೆಂಗಳೆಯರ ತ್ರಿಪದಿಯ ಧಾಟಿಯಲ್ಲಿ ತತ್ತ್ವಸುವ್ವಾಲಿಯನ್ನೂ ರಚಿಸಿದರು. ಕನ್ನಡ ಹಾಡನ್ನು ಹಗುರವಾಗಿ ಕಂಡಿದ್ದ ವಿದ್ವಾಂಸರ ಕೃತಿಗೆ ಮುಂದೆ ವಿದ್ವಾಂಸರೇ ವ್ಯಾಖ್ಯಾನಗಳನ್ನು ಬರೆದರು. ಲಿಂಗಸುಗೂರಿನ ಪ್ರಾಣೇಶದಾಸರು, ಶ್ರೀದವಿಠಲಾಂಕಿತರಾದ ಕರ್ಜಗಿ ದಾಸಪ್ಪನವರು ಮೊದಲಾದ ಶಿಷ್ಯರು ಅವರ ಪರಂಪರೆಯನ್ನು ಬೆಳೆಸಿದರು.

1809ರ ಭಾದ್ರಪದ ಶುದ್ಧ ನವಮಿಯಂದು ದಾಸರು ಮಾನವಿಯಲ್ಲಿ ಹರಿಪುರವನ್ನು ಸೇರಿದರು. ಅವರ ಸನ್ನಿಧಾನವಿರುವ ಕಂಬಕ್ಕೆ ಅಲ್ಲಿ ಇಂದಿಗೂ ಪೂಜೆ ನಡೆಯುತ್ತಿದೆ. ಪ್ರತಿವರ್ಷ ಅದೇ ತಿಥಿಯಂದು ಆರಾಧನೆ ಜರುಗುತ್ತದೆ.

ಉದ್ಯೋಗನಿಮಿತ್ತ ನಾಡಿನಿಂದ ದೂರ ಬಂದ ಕುಟುಂಬಗಳಲ್ಲಿಯೂ ಪದವಿ, ಸ್ಥಾನಮಾನ, ತಾನೇ ಬಲ್ಲೆನೆಂಬ ಭಾವ ಮನಸ್ಸಿಗೆ ಅಂಟಿಕೊಳ್ಳುವುದುಂಟು. ಸಾಧನೆಗೆ ನೆರವಾಗದ ಇಂತಹವನ್ನು ಉದರಶೂಲೆ ಬರುವವರೆಗೆ ಕಾಯದೆ ಇಳಿಸಿಬಿಡುವುದು, ಗಳಿಸಿದ ವಿದ್ಯೆಯನ್ನು ಹರಿಸೇವೆಗೆ ತಿರುಗಿಸುವುದು, ಇದೇ ದಾಸರಾಯರು ತೋರಿದ ದಾರಿ. ಹರಿಕಥಾಮೃತಸಾರದ ಪಾರಾಯಣಕ್ಕೆ ಕುಳಿತಾಗ ಅದರ ಹಿಂದಿರುವ ಈ ತ್ಯಾಗವೂ ಸ್ಮರಣೆಗೆ ಬಂದರೆ ಪಾರಾಯಣವು ಸಾರ್ಥಕ.

॥ ಶ್ರೀಕೃಷ್ಣಾರ್ಪಣಮಸ್ತು ॥